ಲಿನಕ್ಸ್ ವೈಫೈ ಎಚ್ಚರಿಕೆ: ಒಬ್ಬ ವೈದ್ಯನ ತಪಾಸಣೆ

ಪ್ರತಿ ಭಾನುವಾರ ಮೈಸೂರಿನಲ್ಲಿರುವ ಅಕ್ಕನೊಡನೆ ವಿಡಿಯೋ ಕರೆಯಲ್ಲಿ ಮಾತಾಡುತ್ತೇನೆ. ಅವಳಿಗೆ ಕಿವಿ ಮಂದ. ನನ್ನ ತುಟಿ ನೋಡಿಯೇ ಅರ್ಥಮಾಡಿಕೊಳ್ಳುತ್ತಾಳೆ. ಚಿತ್ರ ನಿಂತರೆ ನಮ್ಮ ಮಾತೂ ನಿಂತಂತೆ. ಕಳೆದ ವರ್ಷ ಅದು ಪದೇ ಪದೇ ನಿಲ್ಲತೊಡಗಿತು. ನನ್ನ ಲಿನಕ್ಸ್ ಲ್ಯಾಪ್‌ಟಾಪಿನ ಕರ್ನಲ್ ಲಾಗ್ ತೆರೆದು ನೋಡಿದರೆ, ಬಂದ ಪ್ಯಾಕೆಟ್‌ನ ಉದ್ದ ಸರಿಯಿಲ್ಲ ಎಂದು ವೈಫೈ ಡ್ರೈವರ್ ಸಾಲುಸಾಲಾಗಿ ಎಚ್ಚರಿಸಿತ್ತು. "ಆ ಸಂದೇಶ ಕಾಣದಂತೆ ಮಾಡಿಬಿಡಿ ಡಾಕ್ಟ್ರೇ" ಎಂದರು ಪರಿಚಿತರೊಬ್ಬರು. ಜ್ವರ ಬಂತೆಂದು ಥರ್ಮಾಮೀಟರ್ ಎಸೆದಂತಾಗುತ್ತದೆ ಎಂದು ನಾನು ಒಪ್ಪಲಿಲ್ಲ.

ಡ್ರೈವರ್ ಎಂದರೆ ವೈಫೈ ಚಿಪ್ ಮತ್ತು ಕರ್ನಲ್ ನಡುವಿನ ದುಭಾಷಿ. ಪ್ಯಾಕೆಟ್ ಕೆಟ್ಟದ್ದು ಗಾಳಿಯಲ್ಲೋ, ಯಂತ್ರದೊಳಗೋ ಎಂಬುದು ಮೊದಲ ಪ್ರಶ್ನೆ. ವೈಫೈ ಪ್ಯಾಕೆಟ್‌ನ ಕೊನೆಯಲ್ಲಿ 4 ಬೈಟ್‌ಗಳ ತಾಳೆಸಂಖ್ಯೆ ಇರುತ್ತದೆ. ಅದನ್ನು ಕಳಿಸುವ ಯಂತ್ರ ಒಳಗಿನ ಮಾಹಿತಿಯಿಂದ ಲೆಕ್ಕಹಾಕಿ ಸೇರಿಸುತ್ತದೆ. ಪಡೆಯುವ ಚಿಪ್ ಮತ್ತೆ ಲೆಕ್ಕಹಾಕುತ್ತದೆ. ತಾಳೆಯಾಗದಿದ್ದರೆ ಸಾಮಾನ್ಯವಾಗಿ ಸದ್ದಿಲ್ಲದೆ ಪ್ಯಾಕೆಟ್ಟನ್ನು ಬಿಸಾಡುತ್ತದೆ. ಸ್ವೀಕೃತಿ ಬಾರದ ಕಾರಣ ರೂಟರ್ ಅದನ್ನೇ ಮತ್ತೆ ಕಳಿಸುತ್ತದೆ. ಮೈಕ್ರೋವೇವ್ ಒಲೆಯ ಅಡಚಣೆಯಿಂದ ಕೆಟ್ಟ ಪ್ಯಾಕೆಟ್ ಹೀಗೆ ಬಾಗಿಲಲ್ಲೇ ಉಳಿಯುತ್ತದೆ. ನನ್ನಲ್ಲಿ ಎಚ್ಚರಿಕೆ ಡ್ರೈವರಿನವರೆಗೂ ಬಂದಿತ್ತು. ಆದ್ದರಿಂದ ಅನುಮಾನ ಗಾಳಿಗಿಂತ ಒಳಗಿನ ಕಡೆಗೆ ತಿರುಗಿತು.

ಆಮೇಲೆ ಒಂದು ಬಾರಿಗೆ ಒಂದೇ ಬದಲಾವಣೆ. ರೂಟರಿನ ಪಕ್ಕ ಕೂತೆ, ಚಾನೆಲ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ವೈಫೈಯ ಪವರ್ ಸೇವ್ ನಿಲ್ಲಿಸಿದೆ, ಎಚ್ಚರಿಕೆ ನಿಂತಿತು. ಮತ್ತೆ ಹಚ್ಚಿದೆ, ಮರಳಿ ಬಂತು. ರಕ್ತದೊತ್ತಡದ ಕೆಲವು ಮಾತ್ರೆಗಳಿಂದ ಒಣಕೆಮ್ಮು ಬರುತ್ತದೆ. ಮಾತ್ರೆ ಬಿಟ್ಟಾಗ ಹೋಗಿ, ಮತ್ತೆ ತೆಗೆದುಕೊಂಡಾಗ ಬಂದರೆ ಕಾರಣ ಅದೇ ಎಂದು ನಾವು ನಂಬುತ್ತೇವೆ. ಇಲ್ಲೂ ಅದೇ ತರ್ಕ.

ಆದರೆ ಪವರ್ ಸೇವ್ ತಪ್ಪಿತಸ್ಥನೇ? ಹಳೆಯ ಕರ್ನಲ್ ಹಾಕಿ ನೋಡಿದೆ. ಅಲ್ಲಿ ಪವರ್ ಸೇವ್ ಇದ್ದರೂ ಎಚ್ಚರಿಕೆ ಇರಲಿಲ್ಲ. ಅಂದರೆ ಎರಡು ಆವೃತ್ತಿಗಳ ನಡುವೆ ಸೇರಿದ ಯಾವುದೋ ಬದಲಾವಣೆಯ ಮೇಲೆ ಸಂಶಯ. ಸಾವಿರ ಬದಲಾವಣೆಗಳಿದ್ದರೂ ಹೆದರಬೇಕಿಲ್ಲ. ಪ್ರತಿ ಸಲ ಮಧ್ಯದ್ದನ್ನು ಪರೀಕ್ಷಿಸಿ ಅರ್ಧ ಭಾಗ ಕೈಬಿಡುತ್ತ ಹೋದರೆ ಸುಮಾರು 10 ಪರೀಕ್ಷೆಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತೇವೆ. 'ಗಿಟ್ ಬೈಸೆಕ್ಟ್' ಎಂಬ ಸಾಧನ ಈ ಕೆಲಸಕ್ಕೆಂದೇ ಇದೆ.

ಎರಡೂ ಆವೃತ್ತಿಗಳ ಸಂಖ್ಯೆ, ಲಾಗ್ ಮತ್ತು ಪರೀಕ್ಷೆಯ ಫಲಗಳನ್ನು ಡ್ರೈವರ್ ನೋಡಿಕೊಳ್ಳುವವರಿಗೆ ಬರೆದು ಕಳಿಸಿದ್ದೇನೆ. ಸದ್ಯಕ್ಕೆ ಪವರ್ ಸೇವ್ ನಿಲ್ಲಿಸಿದ್ದೇನೆ. ಇದು ಉಪಶಮನ, ಗುಣವಲ್ಲ. ಬ್ಯಾಟರಿ ಬೇಗ ಮುಗಿಯುತ್ತದೆ. ಆದರೂ ಭಾನುವಾರ ಅಕ್ಕನಿಗೆ ನನ್ನ ತುಟಿ ಕಾಣುತ್ತದೆ.