ಬನಹಟ್ಟಿಯ ಮಗ್ಗದ ಮೇಲೆ ಜೀವಕೋಶ!

ಹತ್ತಿಯ ಒಂದು ಎಳೆ ಅಂದರೆ ಒಂದೇ ಒಂದು ಜೀವಕೋಶ! ಈ ತುದಿಯಿಂದ ಆ ತುದಿಯವರೆಗೂ ಒಂದೇ. ಜೀವಕೋಶ ಬರಿಗಣ್ಣಿಗೆ ಕಾಣುವುದಿಲ್ಲ ಎಂದಲ್ಲವೇ ಶಾಲೆಯಲ್ಲಿ ನಾವು ಉರುಹೊಡೆದದ್ದು? ನಮ್ಮ ರಕ್ತದ ಕೆಂಪುಕಣ ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟೂ ಇಲ್ಲ. ಹತ್ತಿಯದ್ದು 25ರಿಂದ 30 ಮಿಲಿಮೀಟರ್ ಉದ್ದ! ಅಗಲವೋ, ಬರೀ 0.015 ಮಿಲಿಮೀಟರಿನ ಆಸುಪಾಸು. ಬೆರಳು ದಪ್ಪದ ಹಗ್ಗವೊಂದು ಮೂವತ್ತು ಮೀಟರ್ ಉದ್ದ ಬಿದ್ದಿದ್ದರೆ ಹೇಗೋ ಹಾಗೆ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಖಟಖಟ ಎನ್ನುವ ಮಗ್ಗಗಳು ಹಾಸು ಹೊಕ್ಕಾಗಿ ನೇಯುತ್ತಿರುವುದು ಇಂಥ ಕೋಟಿಗಟ್ಟಲೆ ಜೀವಕೋಶಗಳನ್ನೇ!

ನಂಬಿಕೆ ಬರಬೇಕಾದರೆ ಕಣ್ಣಾರೆ ನೋಡಬೇಕು. ಅದಕ್ಕೆ ಪ್ರಯೋಗಾಲಯ ಬೇಕಿಲ್ಲ, ಜಾತ್ರೆಯಲ್ಲಿ ಸಿಗುವ ಲೇಸರ್ ಟಾರ್ಚ್ ಸಾಕು. ಬ್ಯಾಟರಿ ತೆಗೆದು ಮೂತಿ ಬಿಚ್ಚಿದರೆ ಒಳಗೊಂದು ಪುಟ್ಟ ಮಸೂರ. ಅದನ್ನು ಹೇರ್‌ಪಿನ್ನಿನ ಬಾಯಲ್ಲಿ ಸಿಕ್ಕಿಸಿ ಮೊಬೈಲಿನ ಹಿಂದಿನ ಕ್ಯಾಮೆರಾದ ಮೇಲೆ ಟೇಪು ಹಚ್ಚಿ. ಗಾಜಿನ ತುಂಡಿನ ಮೇಲೆ ನೂಲು, ಕೆಳಗಿನಿಂದ ಬೆಳಕು. ಮಸೂರಕ್ಕೆ ಕೆಲವೇ ಮಿಲಿಮೀಟರ್ ದೂರದಲ್ಲಿ ಗಾಜನ್ನು ಮೆಲ್ಲಗೆ ಮೇಲೆ ಕೆಳಗೆ ಸರಿಸುತ್ತಿದ್ದರೆ ಒಮ್ಮೆಲೇ ಚಿತ್ರ ನಿಚ್ಚಳವಾಗುತ್ತದೆ. ಮಸುಕಾಗೇ ಉಳಿದರೆ ಮಸೂರವನ್ನು ತಿರುವಿ ಹಾಕಿ. ಕೈ ನಡುಗುತ್ತದೆ, ಆದ್ದರಿಂದ ಮೊಬೈಲನ್ನು ಆನಿಸಿ ಇಡುವುದೇ ಮೇಲು.

ಕೈಮಗ್ಗದ ಅಜ್ಜಿಯೊಬ್ಬರಿಗೆ ತೋರಿಸಿದೆ. "ಅಯ್ಯ, ಇದು ನಮ್ಮ ನೂಲೇನೋ ತಮ್ಮಾ?" ಎಂದರು. ಹೌದು, ಅವರದ್ದೇ ಕಂಡಿಕೆಯದು! ಎಳೆ ಬಿಚ್ಚಿ ಹರವಿದರೆ ದಾರವಲ್ಲ, ಚಪ್ಪಟೆ ಪಟ್ಟಿ. ಅದೂ ಮತ್ತೆ ಮತ್ತೆ ತಿರುಚಿಕೊಂಡದ್ದು. ಯಾರು ತಿರುಚಿದರು? ಯಾರೂ ಇಲ್ಲ! ಹೂವು ಅರಳಿದ ದಿನವೇ ಬೀಜದ ಸಿಪ್ಪೆಯ ಕೆಲವು ಜೀವಕೋಶಗಳು ಉಬ್ಬತೊಡಗುತ್ತವೆ. ಸುಮಾರು ಮೂರು ವಾರ ಬರೀ ಉದ್ದ ಬೆಳೆಯುತ್ತವೆ, ಆಮೇಲೆ ಒಳಗೋಡೆಗೆ ಸೆಲ್ಯುಲೋಸನ್ನು ಪದರ ಪದರವಾಗಿ ಬಳಿದುಕೊಳ್ಳುತ್ತವೆ. ಹಗಲು ರಾತ್ರಿಯ ಬಿಸಿ-ತಂಪು ಆ ಪದರಗಳಲ್ಲಿ ದಿನಕ್ಕೊಂದು ಗೆರೆ ಮೂಡಿಸುತ್ತದಂತೆ, ಅದು ಮಾತ್ರ ನಮ್ಮ ಜಾತ್ರೆ ಮಸೂರಕ್ಕೆ ನಿಲುಕದು. ಕಾಯಿ ಬಾಯಿಬಿಟ್ಟಾಗ ಒಳಗಿನ ನೀರು ಆರುತ್ತದೆ, ಜೀವಕೋಶ ಸಾಯುತ್ತದೆ, ಕುಸಿದು ಚಪ್ಪಟೆಯಾಗಿ ತಿರುಚಿಕೊಳ್ಳುತ್ತದೆ. ಆ ತಿರುಚಿನಿಂದಲೇ ಎಳೆ ಎಳೆಯನ್ನು ಹಿಡಿಯುವುದು, ನೂಲಾಗುವುದು!

ಇಳಕಲ್ ಸೀರೆಯ ಸೆರಗಿನಿಂದ ರೇಷ್ಮೆ ಎಳೆಯೊಂದನ್ನು ಪಕ್ಕದಲ್ಲಿಡಿ. ತಿರುಚೇ ಇಲ್ಲ, ನುಣುಪು, ಹೊಳಪು. ಅದು ಜೀವಕೋಶವೇ ಅಲ್ಲ, ಹುಳದ ಗ್ರಂಥಿಯಿಂದ ಒಸರಿ ಗಟ್ಟಿಯಾದ ಪ್ರೋಟೀನು. ಒಂದೇ ಸೀರೆಯಲ್ಲಿ ಗಿಡದ ಶವವೂ ಹುಳದ ಒಸರೂ!

ಸೂಕ್ಷ್ಮಜೀವಿಗಳನ್ನು ಮೊದಲು ಕಂಡವನೂ ಬಟ್ಟೆ ವ್ಯಾಪಾರಿಯೇ. ಹಾಲೆಂಡಿನ ಡೆಲ್ಫ್ಟ್ ಊರಿನ ಆಂಟನಿ ವಾನ್ ಲೇವನ್‌ಹುಕ್. ಜವಳಿಯವರು ನೂಲು ಪರೀಕ್ಷೆಗೆ ಭೂತಗನ್ನಡಿ ಹಿಡಿಯುತ್ತಿದ್ದ ಕಾಲ ಅದು. ಈತ ತಾನೇ ಮಸೂರ ಮಾಡಿಕೊಂಡು 1674ರಲ್ಲಿ ಕೆರೆಯ ನೀರಿನೊಳಗೆ ಇಣುಕಿದ. ಬನಹಟ್ಟಿಯ ಜವಳಿ ಅಂಗಡಿಯವರಿಗೆ ಇದನ್ನು ಹೇಳಿದರೆ ಎದೆಯುಬ್ಬಿಸಿಯಾರು, ಉಬ್ಬಿಸಲಿ!

ನೋಡುವುದಕ್ಕೆ ಇಲ್ಲಿ ಬರವಿಲ್ಲ. ಬೀಳಗಿಯ ಕಡೆ ಆಲಮಟ್ಟಿ ಹಿನ್ನೀರಿನ ಹಸಿರುಗಟ್ಟಿದ ಅಂಚಿನಿಂದ ಒಂದು ಹನಿ ತಂದರೆ ಸರಸರ ಓಡುವ ಚುಕ್ಕಿಗಳು ಸಿಗಬಹುದು. ಮುಧೋಳ, ಜಮಖಂಡಿಯ ಕಬ್ಬನ್ನು ತೆಳ್ಳಗೆ ಅಡ್ಡ ಸೀಳಿದರೆ ನೀರು-ಆಹಾರ ಸಾಗಿಸುವ ನಾಳಗಳ ಗೊಂಚಲುಗಳು, ಸುತ್ತಲೂ ಸಕ್ಕರೆ ತುಂಬಿಟ್ಟ ಕೋಣೆಗಳು. ಈರುಳ್ಳಿ ಪೊರೆಯಂತೂ ಎಂದೂ ಕೈಕೊಡದು.

ಆದರೂ ನನ್ನ ಮನಸ್ಸು ಹತ್ತಿಗೇ ಮರಳುತ್ತದೆ. 1972ರಲ್ಲಿ ಧಾರವಾಡದಲ್ಲಿ ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ ತಳಿ ತಂದರು, ಉದ್ದ ಎಳೆಯ ಹತ್ತಿಗಾಗಿ. ಅಂದರೆ ಅವರು ಉದ್ದವಾಗಿಸಿದ್ದು ಒಂದು ಜೀವಕೋಶವನ್ನು!

ಈ ಹಂಗಾಮಿನಲ್ಲಿ ಹೂ ಬಿದ್ದು ಎರಡು ವಾರವಾದ ಹಸಿ ಕಾಯಿಯೊಂದನ್ನು ಸೀಳಿ. ಒಳಗಿನ ಒದ್ದೆ ಎಳೆಯನ್ನು ಆರಲು ಬಿಡದೆ, ನೀರಿನ ಹನಿಯಲ್ಲೇ ಗಾಜಿನ ಮೇಲಿಟ್ಟು ನೋಡಿ. ತಿರುಚು ಇನ್ನೂ ಬಂದಿರುವುದಿಲ್ಲ. ದುಂಡಗೆ, ನೀರು ತುಂಬಿಕೊಂಡು, ಅದಿನ್ನೂ ಬದುಕಿರುತ್ತದೆ!