ರೈಲ್‌ಕಾರ್ಡು ಕೊಳ್ಳುವ ಮುನ್ನ ಒಂದು ಲೆಕ್ಕ

ಉನ್ನತ ವ್ಯಾಸಂಗಕ್ಕೆಂದು ಬ್ರಿಟನ್ನಿಗೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಅಲ್ಲಿ ಇಳಿದ ಹೊಸದರಲ್ಲೇ ಸಿಗುವ ಸಲಹೆಗಳಲ್ಲಿ ಒಂದು, ‘ಮೊದಲು ರೈಲ್‌ಕಾರ್ಡು ಮಾಡಿಸಿಕೊ’ ಎಂಬುದು. 35 ಪೌಂಡು ಕೊಟ್ಟು ಒಂದು ಕಾರ್ಡು ಕೊಂಡರೆ ವರ್ಷವಿಡೀ ರೈಲು ಟಿಕೆಟ್ಟಿನ ದರದಲ್ಲಿ ಮೂರನೆಯ ಒಂದು ಭಾಗ ರಿಯಾಯಿತಿ. ಕೇಳಲು ಸೊಗಸಾಗಿದೆ. ಆದರೆ ಪೌಂಡೊಂದಕ್ಕೆ ನೂರು ರೂಪಾಯಿಗೂ ಹೆಚ್ಚು ತೆರಬೇಕಾದ ಈ ಕಾಲದಲ್ಲಿ 35 ಪೌಂಡು ಎಂದರೆ ಊರಿನಲ್ಲಿರುವ ತಂದೆ ತಾಯಿಯರ ಮಟ್ಟಿಗೆ ಮೂರೂವರೆ ಸಾವಿರ ರೂಪಾಯಿ ಮೀರಿದ ಹಣ. ಬ್ಯಾಂಕಿನ ಸಾಲದಲ್ಲಿ ಓದುವ ಮಕ್ಕಳಿಗೆ ಅದು ಸಣ್ಣ ಮೊತ್ತವೇನಲ್ಲ. ದಿನವೂ ರೈಲಿನಲ್ಲಿ ಓಡಾಡುವವರ ಮಾತು ಬೇರೆ. ವರ್ಷಕ್ಕೆ ನಾಲ್ಕೈದು ಸಲ ಮಾತ್ರ ರೈಲು ಹತ್ತುವವರಿಗೆ ಈ ಕಾರ್ಡು ನಿಜಕ್ಕೂ ಬೇಕೇ?

ಈ ಪ್ರಶ್ನೆಗೆ ಉತ್ತರ ಹೇಳಲು ಅರ್ಥಶಾಸ್ತ್ರ ಓದಿರಬೇಕಾಗಿಲ್ಲ. ಹತ್ತನೆಯ ತರಗತಿಯ ಗಣಿತ ಸಾಕು.

ಯಾರಿಗೆ ಈ ಕಾರ್ಡು?

ನಮ್ಮಲ್ಲಿ ವಿದ್ಯಾರ್ಥಿಗಳು ಊರಿಗೆ ಹೋಗುವಾಗ ಶಾಲೆ ಕಾಲೇಜಿನಿಂದ ಪತ್ರ ತಂದು ರೈಲು ರಿಯಾಯಿತಿ ಪಡೆಯುತ್ತಾರೆ. ಆ ರಿಯಾಯಿತಿಗೆ ಬೆಲೆ ಕೊಡಬೇಕಿಲ್ಲ. ಬ್ರಿಟನ್ನಿನ ಪದ್ಧತಿ ಬೇರೆ. ಅಲ್ಲಿ ರಿಯಾಯಿತಿ ಪಡೆಯುವ ಹಕ್ಕನ್ನೇ ಮೊದಲು ಹಣ ಕೊಟ್ಟು ಕೊಳ್ಳಬೇಕು. ಯುವಜನರ ಈ ಕಾರ್ಡು ಅಲ್ಲಿ ಆರಂಭವಾದದ್ದು 1974ರಲ್ಲಿ. ಈಗ ಅದರ ಹೆಸರು ‘16–25 ರೈಲ್‌ಕಾರ್ಡ್’. ಇಪ್ಪತ್ತಾರು ದಾಟಿದವರೂ ಪೂರ್ಣಾವಧಿ ವಿದ್ಯಾರ್ಥಿಗಳಾಗಿದ್ದರೆ ಇದನ್ನು ಪಡೆಯಬಹುದು. 2025ರ ಮಾರ್ಚ್ ತಿಂಗಳಲ್ಲಿ ಇದರ ಬೆಲೆ 30 ಪೌಂಡಿನಿಂದ 35ಕ್ಕೆ ಏರಿತು. ಮೂರು ವರ್ಷದ ಕಾರ್ಡಿಗೆ 80 ಪೌಂಡು.

ಮಾರುವವರು ಇಷ್ಟು ದೊಡ್ಡ ರಿಯಾಯಿತಿ ಏಕೆ ಕೊಡುತ್ತಾರೆ? ಕಾರಣ ಸರಳ. ಖಾಲಿ ಓಡುವ ಆಸನದಿಂದ ರೈಲಿಗೆ ಒಂದು ಕಾಸೂ ಹುಟ್ಟುವುದಿಲ್ಲ, ಒಬ್ಬರು ಹೆಚ್ಚಾಗಿ ಕುಳಿತರೆ ರೈಲು ಓಡಿಸುವ ಖರ್ಚು ಹೆಚ್ಚುವುದೂ ಇಲ್ಲ. ಕಾರ್ಡು ಕೊಂಡವರು ‘ಹೇಗೂ ಕಾರ್ಡಿದೆಯಲ್ಲ’ ಎಂದು ಇನ್ನೆರಡು ಸಲ ರೈಲು ಹತ್ತಿದರೆ ಬಂದದ್ದೆಲ್ಲ ಲಾಭವೇ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಎರಡು ಗೆರೆಗಳು ಸೇರುವ ಬಿಂದು

ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡ ಅಕ್ಷದಲ್ಲಿ, ರಿಯಾಯಿತಿ ಇಲ್ಲದೆ ವರ್ಷದ ಎಲ್ಲ ಟಿಕೆಟ್ಟುಗಳಿಗೆ ಎಷ್ಟಾಗುತ್ತದೋ ಆ ಒಟ್ಟು ದರವನ್ನು ಗುರುತಿಸಿ. ಲಂಬ ಅಕ್ಷದಲ್ಲಿ ಕೈಯಿಂದ ನಿಜವಾಗಿ ಹೋಗುವ ಹಣ. ಕಾರ್ಡು ಇಲ್ಲದವರಿಗೆ ಎರಡೂ ಒಂದೇ, ಅವರ ಗೆರೆ ಸೊನ್ನೆಯಿಂದ ಹೊರಟು ನೇರವಾಗಿ ಏರುತ್ತದೆ. ಕಾರ್ಡು ಇದ್ದವರ ಗೆರೆ 35ರಿಂದ ಹೊರಡುತ್ತದೆ, ಆದರೆ ನಿಧಾನವಾಗಿ ಏರುತ್ತದೆ. ಅವರ ಖರ್ಚು 35 ಪೌಂಡು ಮತ್ತು ಒಟ್ಟು ದರದ ಮೂರನೆಯ ಎರಡು ಭಾಗ.

ಈ ಎರಡು ಗೆರೆಗಳು ಎಲ್ಲಿ ಸೇರುತ್ತವೆ? ಒಟ್ಟು ದರದ ಮೂರನೆಯ ಒಂದು ಭಾಗ 35ಕ್ಕೆ ಸಮವಾದಾಗ, ಅಂದರೆ 105 ಪೌಂಡಿನಲ್ಲಿ. ಅದಕ್ಕಿಂತ ಕಡಮೆಯಾದರೆ ಕಾರ್ಡು ನಷ್ಟ, ಹೆಚ್ಚಾದರೆ ಲಾಭ. ವರ್ಷಕ್ಕೆ 60 ಪೌಂಡಿನ ಪ್ರಯಾಣ ಮಾಡುವವರು ಕಾರ್ಡು ಕೊಂಡರೆ 35 ಮತ್ತು 40 ಸೇರಿ 75 ಪೌಂಡು ತೆರುತ್ತಾರೆ. 15 ಪೌಂಡು ನಷ್ಟ. 240 ಪೌಂಡಿನ ಪ್ರಯಾಣ ಮಾಡುವವರು 195 ತೆರುತ್ತಾರೆ. 45 ಪೌಂಡು ಉಳಿತಾಯ. ಮೂರು ವರ್ಷದ ಕಾರ್ಡಿಗೆ ಈ ಗಡಿ ವರ್ಷಕ್ಕೆ 80 ಪೌಂಡಿಗೆ ಇಳಿಯುತ್ತದೆ. ಆದರೆ ಒಂದೇ ವರ್ಷದ ಎಂಎಸ್‌ಸಿ ಮುಗಿಸಿ ಮರಳುವವರಿಗೆ ಅದರ ಪ್ರಯೋಜನವಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಗಡಿ ಇರುವುದು ಪ್ರಯಾಣಗಳ ಸಂಖ್ಯೆಯಲ್ಲಲ್ಲ, ಹಣದಲ್ಲಿ. ಹತ್ತಿರದ ಊರಿಗೆ 5 ಪೌಂಡಿನಂತೆ ಇಪ್ಪತ್ತು ಸಲ ಹೋದರೂ ಗಡಿ ಮುಟ್ಟುವುದಿಲ್ಲ. ಮುಂಗಡ ಕಾದಿರಿಸದೆ ಅದೇ ದಿನ ದೂರದ ಊರಿಗೆ ಟಿಕೆಟ್ ಕೊಂಡರೆ ಒಂದೇ ಪ್ರಯಾಣದಲ್ಲಿ ದಾಟಿಬಿಡಬಹುದು.

ಒಂದು ಉದಾಹರಣೆ ನೋಡೋಣ. ಲೀಡ್ಸ್ ನಗರದಲ್ಲಿ ಓದುವ ವಿದ್ಯಾರ್ಥಿನಿಯೊಬ್ಬಳು ದೀಪಾವಳಿಗೆ ಮತ್ತು ಯುಗಾದಿಗೆ ಲಂಡನ್ನಿನಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗುತ್ತಾಳೆ. ಬೇಸಿಗೆಯಲ್ಲಿ ಗೆಳತಿಯರ ಜೊತೆ ಎಡಿನ್‌ಬರೋ. ಲಂಡನ್ನಿಗೆ ಹೋಗಿಬರಲು ತಲಾ 48, ಎಡಿನ್‌ಬರೋಗೆ 42 ಪೌಂಡು ಎಂದಿಟ್ಟುಕೊಳ್ಳಿ. ಒಟ್ಟು 138. ಕಾರ್ಡು ಇದ್ದರೆ 127. ಉಳಿದದ್ದು 11 ಪೌಂಡು. ಆಕೆ ಎಡಿನ್‌ಬರೋಗೆ ಬಸ್ಸಿನಲ್ಲಿ ಹೋಗಲು ನಿಶ್ಚಯಿಸಿದಳೆನ್ನಿ. ರೈಲಿನ ಲೆಕ್ಕ 96ಕ್ಕೆ ಇಳಿಯುತ್ತದೆ, ಕಾರ್ಡು ಇದ್ದರೆ 99. ಒಂದೇ ಪ್ರಯಾಣ ಬದಲಾದದ್ದಕ್ಕೆ ಲಾಭ ಹೋಗಿ ನಷ್ಟ ಬಂತು! ಗಡಿಯ ಆಸುಪಾಸಿನಲ್ಲಿರುವವರಿಗೆ ಕಾರ್ಡು ಕೊಂಡರೂ ಕೊಳ್ಳದಿದ್ದರೂ ದೊಡ್ಡ ವ್ಯತ್ಯಾಸವಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ.

ಎಲ್ಲ ಪ್ರಯಾಣವೂ ಲೆಕ್ಕಕ್ಕಿಲ್ಲ

ಒಟ್ಟು ದರ ಕೂಡುವಾಗ ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಮುಖ್ಯ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಗಿನ ನಾಲ್ಕೂವರೆಯಿಂದ ಹತ್ತು ಗಂಟೆಯ ಒಳಗಿನ ಪ್ರಯಾಣಕ್ಕೆ ಈ ಕಾರ್ಡಿನಲ್ಲಿ 12 ಪೌಂಡಿನ ಕನಿಷ್ಠ ದರ ಉಂಟು. ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ ಮಾತ್ರ ಈ ನಿಬಂಧನೆ ಇಲ್ಲ. ಈ ನಿಬಂಧನೆಗೆ ಒಳಪಟ್ಟ 15 ಪೌಂಡಿನ ಟಿಕೆಟ್ 10ಕ್ಕೆ ಸಿಗುವುದಿಲ್ಲ, 12 ಕೊಡಬೇಕು. 10 ಪೌಂಡಿನದಕ್ಕೆ ರಿಯಾಯಿತಿಯೇ ಇಲ್ಲ. 18 ಪೌಂಡು ಅಥವಾ ಮೇಲ್ಪಟ್ಟ ಟಿಕೆಟ್ಟಿಗೆ ಮಾತ್ರ ಮೂರನೆಯ ಒಂದು ಭಾಗ ಪೂರ್ತಿಯಾಗಿ ದಕ್ಕುತ್ತದೆ.

ತಿಂಗಳ ಸೀಸನ್ ಟಿಕೆಟ್ಟಿಗೆ ಈ ಕಾರ್ಡು ನಡೆಯದು. ಲಂಡನ್ನಿನಲ್ಲಿ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಿ ಸುರಂಗ ರೈಲು ಹತ್ತುವವರಿಗೆ ರಿಯಾಯಿತಿ ಸಿಗದು. ಆಯ್‌ಸ್ಟರ್ ಎಂಬ ಅಲ್ಲಿನ ಕಾರ್ಡನ್ನು ಪಡೆದು, ನಿಲ್ದಾಣದ ಸಿಬ್ಬಂದಿಯಿಂದ ಅದಕ್ಕೆ ರೈಲ್‌ಕಾರ್ಡನ್ನು ಜೋಡಿಸಿಕೊಂಡರೆ ದಟ್ಟಣೆಯಿಲ್ಲದ ವೇಳೆಯಲ್ಲಿ ಮಾತ್ರ ಸಿಗುತ್ತದೆ. ಇನ್ನು ಮುಂಗಡ ಟಿಕೆಟ್ಟು. ಸುಮಾರು ಹನ್ನೆರಡು ವಾರ ಮೊದಲೇ ಮಾರಾಟಕ್ಕೆ ಬರುವ ಈ ಟಿಕೆಟ್ಟುಗಳಿಗೂ ರಿಯಾಯಿತಿ ಉಂಟು. ಆದರೆ ಅವುಗಳ ಮೂಲ ದರವೇ ಕಡಮೆಯಾದ್ದರಿಂದ ಮುಂದಾಲೋಚನೆಯಿಂದ ಕೊಳ್ಳುವವರು 105ರ ಗಡಿ ಮುಟ್ಟುವುದು ತಡ.

ನಿಯಮ ತಪ್ಪಿದರೆ ಕಳೆದುಕೊಳ್ಳುವುದು ರಿಯಾಯಿತಿಯನ್ನಷ್ಟೇ ಅಲ್ಲ. 2024ರಲ್ಲಿ ಉತ್ತರ ಇಂಗ್ಲೆಂಡಿನ ಯುವಕನೊಬ್ಬ ಬೆಳಗಿನ ರೈಲಿನಲ್ಲಿ ಈ ಕನಿಷ್ಠ ದರದ ನಿಬಂಧನೆ ತಿಳಿಯದೆ ಕಾರ್ಡು ಬಳಸಿದ. ಕಡಮೆ ತೆತ್ತದ್ದು 1 ಪೌಂಡು 90 ಪೆನ್ಸ್ ಮಾತ್ರ. ಅಷ್ಟಕ್ಕೇ ರೈಲು ಕಂಪೆನಿ ನ್ಯಾಯಾಲಯಕ್ಕೆ ಎಳೆಯುವುದಾಗಿ ಎಚ್ಚರಿಸಿತು. ಸುದ್ದಿ ದೊಡ್ಡದಾದ ಮೇಲೆ ಕೈಬಿಟ್ಟಿತು. ಪರದೇಶದಲ್ಲಿ ವೀಸಾದ ಮೇಲೆ ಇರುವ ಮಕ್ಕಳು ಎರಡು ಪೌಂಡಿನ ಸಲುವಾಗಿ ಇಂಥ ಪೇಚಿಗೆ ಸಿಲುಕಬಾರದು. ಪ್ರಯಾಣದಲ್ಲಿ ಕಾರ್ಡು ಜೊತೆಯಲ್ಲಿ ಇರಲೇಬೇಕು. ಮೊಬೈಲಿನಲ್ಲಿ ಕಾರ್ಡು ಇಟ್ಟುಕೊಂಡವರು ಚಾರ್ಜ್ ಮುಗಿದರೆ ಕಾರ್ಡು ಇಲ್ಲದಂತೆಯೇ ಎಂದು ತಿಳಿಯಬೇಕು.

‘ಉಳಿಸಿದ’ ಹಣ ಎಲ್ಲಿದೆ?

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಕಾರ್ಡು ಇಲ್ಲದೆ ವರ್ಷಕ್ಕೆ 90 ಪೌಂಡಿನ ಪ್ರಯಾಣ ಮಾಡುತ್ತಿದ್ದವನು ಕಾರ್ಡು ಕೊಂಡ ಮೇಲೆ 150 ಪೌಂಡಿನ ಪ್ರಯಾಣ ಮಾಡಿದ ಎನ್ನಿ. ಟಿಕೆಟ್ಟಿಗೆ ಕೊಟ್ಟದ್ದು 100, ಕಾರ್ಡಿಗೆ 35. ‘ಟಿಕೆಟ್ಟಿನಲ್ಲಿ ಐವತ್ತು ಪೌಂಡು ಉಳಿಸಿದೆ’ ಎಂದು ಮನೆಗೆ ಫೋನಿನಲ್ಲಿ ಹೇಳುತ್ತಾನೆ. ಸುಳ್ಳಲ್ಲ. ಆದರೆ ಜೇಬಿನಿಂದ ಹೋದದ್ದು 135. ಕಾರ್ಡು ಇಲ್ಲದಿದ್ದರೆ 90 ಹೋಗುತ್ತಿತ್ತು. ಖರ್ಚು 45 ಪೌಂಡು ಹೆಚ್ಚಿತು!

ಹೆಚ್ಚಿಗೆ ನೋಡಿದ ಊರುಗಳಿಗೆ ಬೆಲೆ ಇಲ್ಲವೆಂದಲ್ಲ. ಓದುವ ವಯಸ್ಸಿನಲ್ಲಿ ದೇಶ ಸುತ್ತುವುದೂ ಒಂದು ವಿದ್ಯೆಯೇ. ಆದರೆ ಅದನ್ನು ಖರ್ಚು ಎಂದೇ ಕರೆಯಬೇಕು, ಉಳಿತಾಯ ಎಂದು ಬರೆದುಕೊಳ್ಳಬಾರದು. ಆದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದದ್ದು, ಕಾರ್ಡು ಇಲ್ಲದಿದ್ದರೂ ಖಂಡಿತ ಮಾಡುತ್ತಿದ್ದ ಪ್ರಯಾಣಗಳನ್ನು ಮಾತ್ರ.

ಕೊಳ್ಳುವುದೇ ಆದರೆ

ಬಂದಿಳಿದ ದಿನವೇ ಕೊಳ್ಳುವ ಆತುರ ಬೇಡ. ಒಂದು ವರ್ಷದ ಅವಧಿ ಕೊಂಡಾಗಿನಿಂದ ಓಡತೊಡಗುತ್ತದೆ. ಮೊದಲ ದೊಡ್ಡ ಟಿಕೆಟ್ ಕೊಳ್ಳುವ ಹೊತ್ತಿಗೆ ಕೊಂಡರೆ ಸಾಕು. ಸೆಪ್ಟೆಂಬರ್ ಬದಲು ಡಿಸೆಂಬರ್‌ನಲ್ಲಿ ಕೊಂಡವರಿಗೆ, ಓದು ಮುಗಿದು ಕೆಲಸದ ಸಂದರ್ಶನಗಳಿಗೆ ಅಲೆಯುವ ತಿಂಗಳುಗಳಲ್ಲೂ ಕಾರ್ಡು ಒದಗುತ್ತದೆ. ಇಪ್ಪತ್ತಾರು ತುಂಬುವ ಮುನ್ನಾದಿನ ಕೊಂಡರೂ ಅದು ಪೂರ್ತಿ ವರ್ಷ ನಡೆಯುತ್ತದೆ.

ಇಬ್ಬರು ಗೆಳೆಯರು ಯಾವಾಗಲೂ ಜೊತೆಯಲ್ಲೇ ಹೋಗುವುದಾದರೆ ಇಬ್ಬರಿಗೂ ಸೇರಿ ಒಂದೇ ಕಾರ್ಡು ಸಿಗುತ್ತದೆ. ಅದಕ್ಕೂ 35 ಪೌಂಡೇ. ಹಂಚಿಕೊಂಡರೆ ತಲಾ ಹದಿನೇಳೂವರೆ, ಗಡಿಯೂ ತಲಾ ಐವತ್ತೆರಡೂವರೆ ಪೌಂಡಿಗೆ ಇಳಿಯುತ್ತದೆ. ಆದರೆ ಅದು ವಾರದ ದಿನಗಳಲ್ಲಿ ಬೆಳಗಿನ ಒಂಬತ್ತೂವರೆಗೆ ಮೊದಲು ನಡೆಯದು, ಒಬ್ಬರೇ ಹೋದರೆ ಎಂದೂ ನಡೆಯದು.

ವಿದ್ಯಾರ್ಥಿಗಳು ಮಾಡಬೇಕಾದದ್ದು ಇಷ್ಟೆ. ಒಂದು ಕಾಗದದಲ್ಲಿ ವರ್ಷದ ಖಚಿತ ಪ್ರಯಾಣಗಳನ್ನು ಬರೆಯಿರಿ. ಪ್ರತಿಯೊಂದಕ್ಕೂ ನೀವು ನಿಜವಾಗಿ ಕೊಳ್ಳುವ ಅತಿ ಅಗ್ಗದ ಟಿಕೆಟ್ಟಿನ ದರ ಹಾಕಿ. ಬಸ್ಸು ಅಗ್ಗವಾಗಿದ್ದು ನೀವು ಅದರಲ್ಲೇ ಹೋಗುವವರಾದರೆ ಆ ಸಾಲು ಹೊಡೆದುಹಾಕಿ. ಉಳಿದದ್ದನ್ನು ಕೂಡಿ. ಮೊತ್ತ 105 ಪೌಂಡನ್ನು ಚೆನ್ನಾಗಿ ದಾಟಿದರೆ ಕಾರ್ಡು ಕೊಳ್ಳಿ, ಇಲ್ಲವಾದರೆ ಬಿಡಿ. ಬೆಲೆ ಮುಂದೆ ಬದಲಾದರೂ ಸೂತ್ರ ಬದಲಾಗುವುದಿಲ್ಲ: ಕಾರ್ಡಿನ ಬೆಲೆಯ ಮೂರರಷ್ಟು ಎಂದರೆ ಗಡಿ.

ಬ್ರಿಟನ್ನಿಗೆ ಹೋಗದವರಿಗೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಬೆಂಗಳೂರಿನ ಸಿಟಿ ಬಸ್ಸಿನ ದಿನದ ಪಾಸು, ಅಂಗಡಿಗಳ ಸದಸ್ಯತ್ವ, ಮೊದಲೇ ಹಣ ಕಟ್ಟಿಸಿಕೊಂಡು ಆಮೇಲೆ ರಿಯಾಯಿತಿ ಕೊಡುವ ಯಾವುದೇ ಯೋಜನೆಯೂ ಇದೇ ಎರಡು ಗೆರೆಗಳ ಕತೆ. ಕೊಳ್ಳಲು ಹೊರಟ ಮಕ್ಕಳಿಗೆ ತಂದೆ ತಾಯಿಯರು ಬೇಡ ಎನ್ನಬೇಕಾಗಿಲ್ಲ, ಹೂಂ ಎನ್ನಬೇಕಾಗಿಯೂ ಇಲ್ಲ. ‘ಪಟ್ಟಿ ತೋರಿಸು’ ಎಂದರೆ ಸಾಕು.