ಹೊರುವ ಪಾಟಾ, ನೂಕುವ ಪಾಟಾ

ಕಬ್ಬಿನ ಹಂಗಾಮು ಬಂತೆಂದರೆ ಬೈಲಹೊಂಗಲ, ಕಿತ್ತೂರು ಕಡೆಯ ಗ್ಯಾರೇಜುಗಳಲ್ಲಿ ಪಾಟಾದ, ಅಂದರೆ ಎಲೆ ಎಲೆಯಾಗಿ ಜೋಡಿಸಿದ ಲೀಫ್ ಸ್ಪ್ರಿಂಗಿನ, ಕೆಲಸ ಹೆಚ್ಚುತ್ತದೆ. ಹಿಂಭಾಗ ಕುಸಿದ ಗಾಡಿಗೆ ಮೇಸ್ತ್ರಿಯ ಮದ್ದು ಬಹುಪಾಲು ಒಂದೇ: 'ಇನ್ನೊಂದ ಪಾಟಾ ಹಾಕೂಣ್ರೀ.' ಹೊರೆಯ ಗಾಡಿಗೆ ಅದು ತಕ್ಕಮಟ್ಟಿಗೆ ಸರಿ. ಆದರೆ ಹಳೆಯ ಅಂಬಾಸಿಡರನ್ನು ಡ್ರ್ಯಾಗ್ ರೇಸಿಗೆ ಹುರಿಗೊಳಿಸುವವರಿಗೆ ಈ ಮದ್ದು ನಾಟುವುದಿಲ್ಲ. ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ 402 ಮೀಟರ್, ನೇರ ಓಡುವ ಆಟ ಅದು. ಅಲ್ಲಿ ಹೊರೆಯೇ ಇಲ್ಲ.

ಹಿಂದಿನ ಪಾಟಾ ಭಾರ ಹೊರುವುದಷ್ಟೇ ಅಲ್ಲ, ಗಾಡಿಯನ್ನು ಮುಂದಕ್ಕೆ ನೂಕುವುದೂ ಅದೇ. ಗಾಲಿಯ ನೂಕು ಅಚ್ಚಿನಿಂದ ಪಾಟಾದ ಮುಂದಿನ ಅರ್ಧಕ್ಕೆ, ಅಲ್ಲಿಂದ ಅದರ ಕಣ್ಣಿನ ಪಿನ್ನಿನ ಮೂಲಕ ಚಾಸಿಗೆ ತಲುಪುತ್ತದೆ. ಗಾಲಿ ಮುಂದಕ್ಕೆ ತಿರುಗಿದಾಗ ಅಚ್ಚಿನ ಹೌಸಿಂಗ್ ಹಿಂದಕ್ಕೆ ತಿರುಗಲು ಹವಣಿಸಿ ಮೂತಿ ಎತ್ತುತ್ತದೆ. ಪಾಟಾ ಎರಡು ಕಡೆ ಎರಡು ತೆರನಾಗಿ ಬಾಗುತ್ತದೆ. ಟಯರು ಜಾರಿದೊಡನೆ ಅದು ಚಿಮ್ಮಿ ನೆಟ್ಟಗಾಗುತ್ತದೆ, ಹಿಡಿತ ಸಿಕ್ಕರೆ ಮತ್ತೆ ಬಾಗುತ್ತದೆ. ಗಾಲಿ ಕುಪ್ಪಳಿಸುವುದು ಹೀಗೆ. ಸವದತ್ತಿಯ ಎಲ್ಲಮ್ಮನ ಗುಡ್ಡದಂಥ ಏರಿನಲ್ಲಿ ನಿಂತ ಜೀಪಿನ ಕ್ಲಚ್ ಗಕ್ಕನೆ ಬಿಟ್ಟರೂ ಇದರ ಸಣ್ಣ ರೂಪ ಅನುಭವಕ್ಕೆ ಬರುತ್ತದೆ. ರೇಸಿನಲ್ಲಿ ಇದರಿಂದ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮುರಿಯುವುದೂ ಉಂಟು.

ಆದ್ದರಿಂದ ಆರಿಸುವಾಗ ನೋಡಬೇಕಾದದ್ದು ಎಷ್ಟು ಪಾಟಾ ಎಂಬುದಲ್ಲ, ಬಿಗಿ ಎಲ್ಲಿದೆ ಎಂಬುದು. ಐದು ಸಮನಾದ ಪಾಟಾಗಳಿಗೆ ಆರನೆಯದು ಸೇರಿದರೆ ಬಿಗಿ ಐದನೇ ಒಂದರಷ್ಟು ಏರುತ್ತದೆ. ದಪ್ಪದ ಲೆಕ್ಕವೇ ಬೇರೆ: ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ, 6 ಮಿ.ಮೀ. ಬದಲು 8 ಮಿ.ಮೀ. ಹಾಕಿದರೆ ಸುಮಾರು 2.4 ಪಟ್ಟು. ಉದ್ದ ಕಡಿಮೆಯಾದರೂ ಅದೇ ವೇಗದಲ್ಲಿ ಬಿಗಿ ಹೆಚ್ಚುತ್ತದೆ. ಅಮೆರಿಕದ ಕ್ರೈಸ್ಲರ್ ಕಂಪನಿ 1960ರ ದಶಕದಲ್ಲಿ ತನ್ನ 'ಸೂಪರ್ ಸ್ಟಾಕ್' ಪಾಟಾಗಳಲ್ಲಿ ಈ ಲೆಕ್ಕವನ್ನೇ ಬಳಸಿತು. ಅಚ್ಚಿನ ಮುಂದಿನ ಭಾಗ ಗಿಡ್ಡ, ಕ್ಲ್ಯಾಂಪಿನಿಂದ ಬಿಗಿದದ್ದು; ಹಿಂದಿನದು ಉದ್ದ, ಮೆದು. ಮುಂಭಾಗ ನೂಕಲು, ಹಿಂಭಾಗ ಭಾರ ತೂಗಲು. ಎಡಬಲದ ಪಾಟಾಗಳೂ ಒಂದೇ ಅಲ್ಲ: ಶಾಫ್ಟಿನ ತಿರುಚು ಬಲಗಾಲಿಯನ್ನು ಎತ್ತಲು ನೋಡುವುದರಿಂದ ಬಲಗಡೆಯದು ಹೆಚ್ಚು ಬಿಗಿ.

ಅಂಬಾಸಿಡರಿಗೆ ಅಂಥ ಸೆಟ್ ಅಂಗಡಿಯಲ್ಲಿ ಸಿಗದು. ಇದ್ದದ್ದರಲ್ಲಿಯೇ ಮುಂಭಾಗದ ಎಲೆಗಳನ್ನು ಕ್ಲ್ಯಾಂಪಿನಿಂದ ಒತ್ತಿ ಹಿಡಿಸಿ, ಹಿಂಭಾಗದ ಕ್ಲ್ಯಾಂಪುಗಳನ್ನು ಸಡಿಲಿಸುವುದು ಮೊದಲ ಹೆಜ್ಜೆ. ಸವೆದ ಬುಷ್ ಇಟ್ಟುಕೊಂಡು ಇದನ್ನೆಲ್ಲ ಮಾಡುವುದು ದಂಡ. ಗಾಡಿಯ ಎತ್ತರ ಬದಲಿಸಲು ಪಾಟಾ ಮತ್ತು ಅಚ್ಚಿನ ನಡುವೆ ಕಬ್ಬಿಣದ ತುಂಡು ತುರುಕುವ ರೂಢಿಯಂತೂ ಬೇಡವೇ ಬೇಡ. ಅದು ತಿರುಚುವ ಬಲಕ್ಕೆ ಇನ್ನಷ್ಟು ಸನ್ನೆ ಒದಗಿಸುತ್ತದೆ.

ಕಮಾನು ಇಳಿದ ಪಾಟಾವನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸಿ ಹಾಗೇ ತಣಿಯಲು ಬಿಟ್ಟರೆ ಅದರ ಹದ ಹೋಗುತ್ತದೆ. ಮತ್ತೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ತಕ್ಕ ಶಾಖದಲ್ಲಿ ಹದಗೊಳಿಸಿದರೆ ಮಾತ್ರ ಅದು ಪಾಟಾ. ಬಿರುಕು ಬಿಟ್ಟದ್ದಕ್ಕೆ ವೆಲ್ಡಿಂಗ್ ಸಲ್ಲದು. ರಾಮದುರ್ಗದಂಥ ಊರಿನ ಕಮ್ಮಾರನಿಗೆ ಕೊಟ್ಟರೆ ಒಳ್ಳೆಯ ಕೊಡಲಿಯಾದೀತು. ಹೊಸ ಸೆಟ್ ಕೂರಿಸಿದ ಮೇಲೆ ನಾಲ್ಕಾರು ಸಲ ಜೋರಾಗಿ ಎಳೆಸಿ, ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಮೊದಲ ಓಟಗಳಲ್ಲಿ ಅವು ಸಡಿಲಾಗುತ್ತವೆ.